ಭಾನುವಾರ ಒಂದು ಶೋ, ಮುಂದಿನ ಶನಿವಾರ ಇನ್ನೊಂದು: ನಡುವೆ ಮನೆಮಂದಿ ಜತೆ ಕಾರಲ್ಲಿ ಹೋಗಬಹುದಾ?

ಮೂರನೇ_ಬೆಲ್

ನಮಸ್ಕಾರ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಸಂಜೆ 7:30ಕ್ಕೆ ಬೆಂಗಳೂರಿನ ರಂಗಶಂಕರದಲ್ಲಿ ನಮ್ಮ ತಂಡದ ನಾಟಕದ ಶೋ, ನಾನು ಅದರಲ್ಲಿ ನಟ. ಅದೇ ನಾಟಕ ಮುಂದಿನ ಶನಿವಾರ ಸಂಜೆ ಉಡುಪಿಯಲ್ಲಿ. ತಂಡದ ಗಾಡಿ ಶುಕ್ರವಾರ ರಾತ್ರಿ ಬೆಂಗಳೂರು ಬಿಡುತ್ತೆ, ನಾನು ಅದರಲ್ಲೇ ಬರಬೇಕು ಅಂತೇನಿಲ್ಲ. ಮಗಳಿಗೆ ದಸರಾ ರಜೆ, 7 ವರ್ಷ. ಅಮ್ಮನಿಗೆ 68. ಹೆಂಡತಿಗೂ ಡ್ರೈವಿಂಗ್ ಬರುತ್ತೆ. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕ್ಲಚ್ ಪೆಡಲ್ ಇಲ್ಲದೆ ತಾನೇ ಬದಲಾಗೋ ಎಎಂಟಿ ಗೇರು. ಪಾತ್ರ ದೊಡ್ಡದು, ಎರಡು ಹಾಡಿವೆ, ಅಂಟಿಸೋ ಗಡ್ಡ.

ಅಂದುಕೊಂಡಿರೋದು ಹೀಗೆ: ಸೋಮವಾರ ಬೆಳಗಿನ ಜಾವ 4ಕ್ಕೆ ಹೊರಟು ಶಿವಮೊಗ್ಗ ಮೇಲೆ ಸಾಗರ. ಎರಡು ದಿನ ಜೋಗ, ಇಕ್ಕೇರಿ, ಕೆಳದಿ, ಹೆಗ್ಗೋಡು. ಆಮೇಲೆ ಸಿಗಂದೂರು, ಕೊಲ್ಲೂರು. ಶುಕ್ರವಾರ ಪೂರ್ತಿ ಮರವಂತೆ ಬೀಚು, ಶನಿವಾರ ಬೆಳಿಗ್ಗೆ ಉಡುಪಿ. ಎಲ್ಲಿ ತಪ್ಪಿದೆ ಹೇಳಿ.

ಸೈಡ್‌ವಿಂಗ್

ಎರಡು ಕಡೆ ತಪ್ಪಿದೆ, ಮೊದಲನೇ ದಿನ ಮತ್ತು ಕೊನೇ ದಿನ. ನಡುವಿನದೆಲ್ಲ ಚೆನ್ನಾಗಿದೆ.

7:30ರ ಶೋ ಬಿಡೋ ಹೊತ್ತಿಗೆ ಒಂಬತ್ತೂವರೆ. ಮೇಕಪ್ ತೆಗೆದು, ಸೆಟ್ ಬಿಚ್ಚಿ, ಲೋಡ್ ಮಾಡಿ, ಊಟ ಮುಗಿಸಿ ಮನೆ ಸೇರಿದಾಗ ಹನ್ನೆರಡು. ಶೋ ಆದ ರಾತ್ರಿ ತಲೆ ಬೇಗ ತಣಿಯಲ್ಲ, ಒಂದು ಗಂಟೆ ದಾಟದೆ ಕಣ್ಣು ಮುಚ್ಚಲ್ಲ. 4ಕ್ಕೆ ಹೊರಡೋದು ಅಂದರೆ ಎರಡೂವರೆ ಗಂಟೆ ನಿದ್ದೆ ಮಾಡಿ, ತೂಕಡಿಕೆ ಅತಿ ಹೆಚ್ಚು ಬರೋ ಹೊತ್ತಲ್ಲೇ ಸ್ಟಿಯರಿಂಗ್ ಹಿಡಿಯೋದು. ಬೇಡ. ಬೆಳಿಗ್ಗೆ ತಿಂಡಿ ತಿಂದು 10ಕ್ಕೆ ಹೊರಡಿ, ಮೊದಲ ಪಾಳಿ ನಿಮ್ಮ ಮನೆಯವರು ಓಡಿಸಲಿ. ಶಿವಮೊಗ್ಗ ಸುಮಾರು 300 ಕಿ.ಮೀ., ಅಲ್ಲಿಂದ ಸಾಗರ ಇನ್ನೂ 70 ಚಿಲ್ಲರೆ. ಸೋಮವಾರ ರಾತ್ರಿ ಶಿವಮೊಗ್ಗದಲ್ಲೇ ಉಳಿಯೋದು ವಾಸಿ.

ಇನ್ನು ಶುಕ್ರವಾರ. ಶೋ ಹಿಂದಿನ ದಿನ ಪ್ರವಾಸದ ಲೆಕ್ಕಕ್ಕೆ ಬರೋದೇ ಇಲ್ಲ. ನಮ್ಮ ಹವ್ಯಾಸಿ ತಂಡಗಳಲ್ಲಿ ಒಂದು ಪಾತ್ರಕ್ಕೆ ಇಬ್ಬರನ್ನು ತಯಾರು ಮಾಡಿಟ್ಟಿರೋದು ಅಪರೂಪ. ದೊಡ್ಡ ಪಾತ್ರಕ್ಕೆ ಬೇರೆಯವರನ್ನು ಕೂರಿಸಬೇಕಾದರೆ ಕಡೇಪಕ್ಷ ನಾಲ್ಕೈದು ತಾಲೀಮು ಬೇಕು. ಘಾಟಿಯಲ್ಲಿ ಮರ ಬಿದ್ದು ನೀವು ಅರ್ಧ ದಿನ ಸಿಕ್ಕಿಕೊಂಡರೆ ನಾಟಕವೇ ನಿಲ್ಲುತ್ತೆ.

ಅದಕ್ಕೇ ಶನಿವಾರದಿಂದ ಹಿಂದಕ್ಕೆ ಎಣಿಸಿ. ಶನಿವಾರ ಸಂಜೆ ಶೋ. 5ಕ್ಕೆ ಮೇಕಪ್ಪಿಗೆ ಕೂರಬೇಕು. ಮಧ್ಯಾಹ್ನ ರಂಗದ ಮೇಲೆ ಓಡಾಡಿ ನೋಡಲೇಬೇಕು, ಯಾಕಂದರೆ ರಂಗಶಂಕರದಲ್ಲಿ ರಂಗ ಮುಂದಕ್ಕೆ ಚಾಚಿದೆ, ಮೂರು ಕಡೆ ಪ್ರೇಕ್ಷಕರು. ಉಡುಪಿಯಲ್ಲಿ ಪರದೆ ಚೌಕಟ್ಟಿನ ವೇದಿಕೆ ಸಿಕ್ಕರೆ ನಿಮ್ಮ ಬ್ಲಾಕಿಂಗ್ (ವೇದಿಕೆ ಮೇಲೆ ಯಾವಾಗ ಎಲ್ಲಿ ನಿಲ್ಲಬೇಕು, ಓಡಾಡಬೇಕು ಅನ್ನೋದು) ಅರ್ಧ ತಿರುಗಬೇಕಾಗುತ್ತೆ: ಪಕ್ಕದವರಿಗೆ ಕೊಡುತ್ತಿದ್ದ ಕೋನ ವ್ಯರ್ಥ, ವೇದಿಕೆ ಪಕ್ಕದ ಮರೆಯಿಂದ, ಅಂದರೆ ವಿಂಗ್‌ನಿಂದ, ಎಂಟ್ರಿಗೆ ಬೇಕಾದ ಹೆಜ್ಜೆಗಳ ಲೆಕ್ಕ ಬೇರೆ. ಆದ್ದರಿಂದ ಗುರುವಾರ ಸಂಜೆ ಬೆಳಕಿರುವಾಗಲೇ ಘಾಟಿ ಇಳಿದಿರಬೇಕು, ಶುಕ್ರವಾರ ಮಧ್ಯಾಹ್ನದೊಳಗೆ ಉಡುಪಿಯಲ್ಲಿರಬೇಕು. ನಿಮ್ಮ ಕೈಲಿರೋದು ಐದು ದಿನ ಅಲ್ಲ, ಮೂರೂವರೆ.

ಎಲ್ಲಿ ಉಳೀತೀರಿ, ಯಾವ ದಾರಿ, ಹೆಂಡತಿಯ ಫೋನ್ ನಂಬರು, ಇಷ್ಟನ್ನು ಸ್ಟೇಜ್ ಮ್ಯಾನೇಜರ್ ಕೈಗೆ ಬರೆದುಕೊಡಿ. ಗ್ರೂಪಲ್ಲಿ ಹಾಕಿದರೆ ಮೀಮ್‌ಗಳ ಕೆಳಗೆ ಹೂತುಹೋಗುತ್ತೆ.

ಘಾಟಿ_ಗೇರು

ಎಎಂಟಿ ಅಂದಿದ್ದಕ್ಕೆ ಹೇಳ್ತಿದೀನಿ. ಘಾಟಿ ಇಳಿಯುವಾಗ ‘ಡಿ’ಯಲ್ಲಿ ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗುತ್ತೆ, ಇಂಜಿನ್ ಹಿಡಿತ ಸಿಗಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಮ್ಯಾನುವಲ್‌ಗೆ ತಂದು ಎರಡನೇ ಗೇರಲ್ಲಿ ಇಟ್ಟುಕೊಳ್ಳಿ, ತೀರಾ ಕಡಿದಾದ ತಿರುವಿಗೆ ಒಂದನೇದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀಬೇಡಿ. ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಸತತವಾಗಿ ಒತ್ತಿದರೆ ಪ್ಯಾಡ್ ಕಾದು ಹಿಡಿತ ಕಳಕೊಳ್ಳುತ್ತೆ. ಬ್ರೇಕ್ ಆಯಿಲ್ ಹಳೇದಾಗಿ ನೀರಿನಂಶ ಹೀರಿದ್ದರೆ ಅದು ಬೇಗ ಕುದಿದು ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊರಡೋ ಮುಂಚೆ ಬದಲಿಸಿ.

ಸುಟ್ಟ ವಾಸನೆ ಬಂದರೆ ಅಗಲ ಇರೋ ಕಡೆ ನಿಲ್ಲಿಸಿ 15–20 ನಿಮಿಷ ಬಿಡಿ. ನೀರು ಸುರೀಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ. ನಿಂತಾಗ ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿಯೋ ನ್ಯೂಟ್ರಲ್‌ನಲ್ಲೋ ಇಳಿಸಿ ಪೆಟ್ರೋಲ್ ಉಳಿಸೋರು ಇನ್ನೂ ಇದಾರೆ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರ್‌ಗೆ ಬಲ ಸಿಗಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ. ಸ್ಟಿಯರಿಂಗೂ ಬಿಗಿಯಾಗುತ್ತೆ.

ಹತ್ತುವಾಗ ಎಎಂಟಿಯ ತೊಂದರೆ ಬೇರೆ. ಮುಂದೆ ಲಾರಿ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತೆ. ಬ್ರೇಕ್ ಹಾಕಿ, ಮುಂದಿನ ಗಾಡಿ ಹತ್ತು ಅಡಿ ಹೋದ ಮೇಲೆ ಒಂದೇ ಸಲ ಎತ್ತಿ. ಏರಲ್ಲಿ ಗಾಡಿ ಹಿಂದೆ ಜಾರದ ಹಾಗೆ ಹಿಡಿಯೋ ಹಿಲ್ ಹೋಲ್ಡ್ ಇಲ್ಲದ ಮಾಡೆಲ್ ಆದರೆ ಹ್ಯಾಂಡ್‌ಬ್ರೇಕ್ ಬಳಸಿ.

ಗಾಳಿ: ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಬಹಳ ಗಾಡಿಗಳಲ್ಲಿ ಎರಡು ಅಂಕಿ. ನಾಲ್ಕು ಜನ ಜತೆಗೆ ಡಿಕ್ಕಿ ತುಂಬ ಸಾಮಾನು ಅಂದರೆ ಪೂರ್ಣ ಭಾರದ ಅಂಕಿ ನೋಡಿ. ಟೈರ್ ತಣ್ಣಗಿರುವಾಗ ತುಂಬಿಸಿ. ಹೈವೇಲಿ 100 ಕಿ.ಮೀ. ಓಡಿದ ಮೇಲೆ ಅಳತೆ ಏರಿರುತ್ತೆ, ಆಗ ಗಾಳಿ ಬಿಡಿಸಿದರೆ ಮಾರನೇ ದಿನ ಕಮ್ಮಿ ಇರುತ್ತೆ. ಟೈರ್ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಅಂದರೆ 2019ರ 23ನೇ ವಾರ. ಅಷ್ಟು ಹಳೇ ಟೈರಲ್ಲಿ ಮಳೆ ಘಾಟಿಗೆ ಹೋಗಬೇಡಿ, ಗೆರೆ ಎಷ್ಟೇ ಉಳಿದಿರಲಿ. ಸ್ಟೆಪ್ನಿಯಲ್ಲಿ ಗಾಳಿ ನೋಡೋದನ್ನ ಎಲ್ಲರೂ ಮರೀತಾರೆ. ಅದು ಸಣ್ಣ ಸೈಜಿನದಾದರೆ 80 ದಾಟಬೇಡಿ.

ವೈಪರ್ ಬ್ಲೇಡ್ ಹೊಸದು ಹಾಕಿಸಿ. ಅಕ್ಟೋಬರ್ ಸಂಜೆ ಮಲೆನಾಡಲ್ಲಿ ಸಿಡಿಲುಮಳೆ ಸಾಮಾನ್ಯ.

ಇನ್ನೊಂದು, ಜೆ.ಪಿ. ನಗರದಿಂದ ತುಮಕೂರು ರಸ್ತೆಗೆ ನೈಸ್ ರಸ್ತೆ ಹಿಡಿದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಅಲ್ಲಿ ನಡೆಯಲ್ಲ. ಅದು ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಿಗೆ ಮಾತ್ರ. ಟೋಲ್ ದುಡ್ಡು ಬೇರೆ ಇಟ್ಟಿರಿ.

ಕರಾವಳಿ_ಕಾಗೆ

ಮೂರನೇ ಬೆಲ್ ಅವರೇ, ನಿಮ್ಮ ತಾರೀಕು ನವರಾತ್ರಿಯ ಒಳಗೆ ಬರ್ತದಾ ನೋಡಿ ಮಾರಾಯ್ರೇ. ಬಂದ್ರೆ ಕೊಲ್ಲೂರಲ್ಲಿ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ. ಮೂಕಾಂಬಿಕೆಗೆ ಕೇರಳದಿಂದ ಜನ ಬರುವುದು ಆಗಲೇ ಹೆಚ್ಚು, ವಿಜಯದಶಮಿಗೆ ಮಕ್ಕಳಿಗೆ ಅಕ್ಷರಾಭ್ಯಾಸ ಬೇರೆ. ರೂಮ್ ಸಿಗುವುದಿಲ್ಲ, ಪಾರ್ಕಿಂಗಿಗೇ ಒಂದು ಗಂಟೆ.

ಸಿಗಂದೂರು ದಾರಿ ಈಗ ಸುಲಭ ಉಂಟು. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಶುರು ಆಯಿತು, ಲಾಂಚಿಗೆ ಕಾಯುವ ಕೆಲಸ ಇಲ್ಲ. ತುಮರಿ ಕಡೆಯಿಂದ ನಾಗೋಡಿ ಮೇಲೆ ಕೊಲ್ಲೂರಿಗೆ ಇಳೀಬಹುದು. ಆದ್ರೆ ದಾರಿ ಕಾಡಿನೊಳಗೆ, ಕಿರಿದು, ಗ್ಯಾರೇಜು ದೂರ, ಮೊಬೈಲ್ ನೆಟ್‌ವರ್ಕ್ ಆ ಭಾಗದಲ್ಲಿ ಹೆಸರಿಗೆ ಮಾತ್ರ. ಸಾಗರದಲ್ಲೇ ಪೆಟ್ರೋಲ್ ತುಂಬಿಸಿ.

ಜನ ಜಾಸ್ತಿ ಅನ್ನಿಸಿದ್ರೆ ತೀರ್ಥಹಳ್ಳಿ ಮೇಲೆ ಆಗುಂಬೆ ಹಿಡೀರಿ. 14 ತಿರುವು, ಸೋಮೇಶ್ವರ, ಹೆಬ್ರಿ, ಉಡುಪಿ. ಆಗುಂಬೆಯಿಂದ ಉಡುಪಿಗೆ 55 ಕಿ.ಮೀ. ಆಸುಪಾಸು. ಕಾರಿಗೆ ಅಡ್ಡಿ ಇಲ್ಲ. ಆದ್ರೆ ನಿಮ್ಮ ಸೆಟ್ಟಿನ ಲಾರಿಯವರಿಗೆ ಈಗಲೇ ಹೇಳಿಡಿ, ಭಾರೀ ವಾಹನಕ್ಕೆ ಆಗುಂಬೆ ಆಗುವುದಿಲ್ಲ. ಅವರು ಶಿರಾಡಿ ಘಾಟಿ ಮೇಲೆಯೇ ಬರ್ಬೇಕು, ಸಕಲೇಶಪುರ ದಾಟಿದ ಮೇಲೆ ಜಾಮ್ ಆದ್ರೆ ಎಷ್ಟು ಹೊತ್ತು ಅಂತ ಯಾರೂ ಹೇಳ್ಲಿಕ್ಕೆ ಆಗುವುದಿಲ್ಲ. ಶುಕ್ರವಾರ ರಾತ್ರಿ ಹೊರಡುವ ಗಾಡಿಯ ಭಯ ನನಗೆ ನಿಮ್ಮ ಕಾರಿಗಿಂತ ಜಾಸ್ತಿ.

ಮತ್ತೆ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಫೋಟೋಗೆ ಚೆಂದ, ಮಗುವನ್ನು ನೀರಿಗೆ ಬಿಡ್ಲಿಕ್ಕೆ ಅಲ್ಲ. ಆಳ ಬೇಗ ಬರ್ತದೆ, ಸೆಳೆತ ಉಂಟು. ಮಗಳಿಗೆ ಆಡ್ಲಿಕ್ಕೆ ಮಲ್ಪೆಯೇ ಒಳ್ಳೆಯದು, ಉಡುಪಿಗೆ ಹತ್ತಿರ, ಜೀವರಕ್ಷಕರು ನಿಂತಿರುವ ಜಾಗ ನೋಡಿ ಇಳಿಸಿ. ನೀವು ಮಾತ್ರ ಬಿಸಿಲಿಗೆ ಹೋಗ್ಬೇಡಿ. ಸುಟ್ಟ ಗಲ್ಲದ ಮೇಲೆ ಗಡ್ಡ ಅಂಟಿಸುವ ಸ್ಪಿರಿಟ್ ಗಮ್ ಹಚ್ಚಿದ್ರೆ ಗಡ್ಡ ಕೀಳುವಾಗ ಚರ್ಮವೂ ಬರ್ತದೆ.

ಸ್ವರಪೆಟ್ಟಿಗೆ

ಎರಡು ಹಾಡು ಇದೆ ಅಂದ್ರಲ್ಲ, ದನಿ ಬಗ್ಗೆ ಯಾರೂ ಬರೆದಿಲ್ಲ.

ನಟರ ಗಂಟಲು ಕಾರಿನಲ್ಲಿ ಕೆಡೋದು ಐಸ್‌ಕ್ರೀಮಿನಿಂದ ಅಂತ ನಂಬಿಕೆ. ಮುಖ್ಯ ಕಾರಣ ಗದ್ದಲ. ಕಿಟಕಿ ಇಳಿಸಿ 80ರ ವೇಗದಲ್ಲಿ ಹೋಗುವಾಗ ಒಳಗಿನ ಸದ್ದಿಗಿಂತ ಮೇಲೆ ಮಾತು ಕೇಳಿಸಬೇಕು ಅಂತ ಗೊತ್ತಿಲ್ಲದೇ ದನಿ ಏರಿಸ್ತೀವಿ. ಅದರ ಮೇಲೆ ಹಾಡು ಹಾಕಿರ್ತೀವಿ. ಹಿಂದೆ ಕೂತ ಮಗುವಿಗೆ ಕತ್ತು ತಿರುಗಿಸಿ ಕೂಗಿ ಹೇಳ್ತೀವಿ. ಕತ್ತು ತಿರುಚಿ ಕೂಗುವಾಗ ಗಂಟಲ ಸ್ನಾಯು ಬಿಗಿದಿರುತ್ತೆ, ಉಸಿರಿನ ಆಸರೆ ಇರಲ್ಲ, ಸೀಟ್ ಬೆಲ್ಟ್ ಹೊಟ್ಟೆಯನ್ನೂ ಹಿಡಿದಿರುತ್ತೆ. ಹೀಗೆ ಐದು ಗಂಟೆ ಹೋದರೆ ಒಂದು ಶೋದಷ್ಟೇ ದಣಿವು. ಕಿಟಕಿ ಏರಿಸಿ, ಹಾಡು ತಗ್ಗಿಸಿ, ಹಿಂದಿನವರ ಜತೆ ಮಾತಾಡೋ ಕೆಲಸ ಪಕ್ಕದ ಸೀಟಿನವರಿಗೆ ಬಿಡಿ.

ಎ.ಸಿ. ಗಾಳಿ ಮುಖಕ್ಕೆ ನೇರ ಬಡಿಯದ ಹಾಗೆ ತಿರುಗಿಸಿ. ಒಂದೇ ಸಲ ಅರ್ಧ ಲೀಟರ್ ಕುಡಿಯೋದಕ್ಕಿಂತ ಕಾಲು ಗಂಟೆಗೊಂದು ಗುಟುಕು ಒಳ್ಳೇದು.

ಜನ ಗಮನಿಸದ ಇನ್ನೊಂದು ವಿಷಯ ರಾತ್ರಿ ಊಟ. ದಾರಿಯಲ್ಲಿ ಹತ್ತು ಗಂಟೆಗೆ ಖಾರದ ಊಟ ಮಾಡಿ ಲಾಡ್ಜಿಗೆ ಹೋಗಿ ಹಾಗೇ ಉರುಳಿಕೊಂಡರೆ ಹೊಟ್ಟೆಯ ಆಮ್ಲ ಗಂಟಲವರೆಗೂ ಏರುತ್ತೆ. ಎದೆಯುರಿ ಬರಲೇಬೇಕು ಅಂತಿಲ್ಲ. ಬೆಳಿಗ್ಗೆ ದನಿ ಒರಟು, ಗಂಟಲಲ್ಲಿ ಏನೋ ಅಂಟಿದ ಹಾಗೆ, ಪದೇಪದೇ ಕ್ಯಾಕರಿಸೋದು. ಕ್ಯಾಕರಿಸಿದಷ್ಟೂ ಊತ ಹೆಚ್ಚು. ಊಟಕ್ಕೂ ಮಲಗೋದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಬುಧವಾರದಿಂದಾದರೂ ಪಾಲಿಸಿ.

ದಿನಾ ಎರಡು ಸಲ ಐದೈದು ನಿಮಿಷ ಇದು ಸಾಕು: ಲೋಟದಲ್ಲಿ ಅರ್ಧ ನೀರು, ಸ್ಟ್ರಾ ತುದಿ ಎರಡು ಮೂರು ಸೆಂ.ಮೀ. ಮುಳುಗಿರಲಿ. ‘ಊ’ ಅಂತ ದನಿ ಬಿಡ್ತಾ ಗುಳ್ಳೆ ಎಬ್ಬಿಸಿ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಜಾರಿಸಿ, ಆಮೇಲೆ ನಿಮ್ಮ ಹಾಡಿನ ಮಟ್ಟನ್ನು ಅದರಲ್ಲೇ ಹಾಡಿ. ಗುಳ್ಳೆ ಒಂದೇ ಸಮ ಬರಬೇಕು. ಕೆನ್ನೆ ಬಿಗಿದರೆ ಅಥವಾ ಗುಳ್ಳೆ ತುಂಡಾದರೆ ಜೋರು ಜಾಸ್ತಿಯಾಗಿದೆ ಅಂತ. ಲಾಡ್ಜಲ್ಲಿ ಪಕ್ಕದ ರೂಮಿನವರಿಗೂ ತೊಂದರೆ ಇಲ್ಲ.

ಘಾಟಿಯಲ್ಲಿ ವಾಂತಿ ಬರದಿರಲಿ ಅಂತ ಮಾತ್ರೆ ತಗೋಳ್ಳೋರು ಗಮನಿಸಿ. ಅವುಗಳಲ್ಲಿ ಬಹುಪಾಲು ನಿದ್ದೆ ಬರಿಸುತ್ತವೆ, ಬಾಯಿ ಗಂಟಲು ಒಣಗಿಸುತ್ತವೆ. ಗಾಡಿ ಓಡಿಸೋರು ತಗೋಬಾರದು. ಹಾಡೋರು ಶೋ ಹಿಂದಿನ ದಿನ ತಗೋಬಾರದು.

ಹಿಂದಿನ_ಸೀಟು

ಎಲ್ಲರೂ ನಟನ ಗಂಟಲು, ನಟನ ನಿದ್ದೆ, ನಟನ ಗಲ್ಲ ಅಂತ ಬರೀತಿದೀರಿ. ಕಾರಲ್ಲಿ ಇನ್ನೂ ಮೂರು ಜನ ಇದಾರೆ ಸ್ವಾಮಿ.

7 ವರ್ಷದ ಮಗುವಿಗೆ ತಲೆ ಸುತ್ತೋದು ತಿರುವಿನಿಂದ ಮಾತ್ರ ಅಲ್ಲ, ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳೋದರಿಂದ. ಮೊಬೈಲ್ ಕೊಟ್ಟರೆ ಹತ್ತೇ ನಿಮಿಷ. ಮುಂದಿನ ರಸ್ತೆ ಕಾಣೋ ಹಾಗೆ ಎತ್ತರದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕತ್ತಿನ ಮೇಲೆ ಬರಬಾರದು, ಹೆಗಲ ಮೇಲೆ ಬರಬೇಕು. ಘಾಟಿಗೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಪೂರಿ, ಹಾಲು ಬೇಡ. ಖಾಲಿ ಹೊಟ್ಟೆಯಲ್ಲೂ ವಾಂತಿ ಬರುತ್ತೆ. ಕವರ್ ಒಳಗೆ ಪೇಪರ್ ಮಡಿಸಿಟ್ಟು ಮೂರ್ನಾಲ್ಕು ತಯಾರಿರಲಿ, ಡಿಕ್ಕಿಯಲ್ಲಲ್ಲ, ಕೈಗೆ ಸಿಗೋ ಕಡೆ. ಮಾತ್ರೆ ಕೊಡಬೇಕಾದರೆ ಮಕ್ಕಳ ಡಾಕ್ಟರನ್ನು ಕೇಳಿ, ಪ್ರಮಾಣ ತೂಕದ ಮೇಲೆ.

ಅಮ್ಮನಿಗೆ ಮುಂದಿನ ಸೀಟು. ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿ. ಶೌಚಾಲಯ ಚೆನ್ನಾಗಿರೋ ಜಾಗ ಮೊದಲೇ ಗುರುತು ಮಾಡಿಕೊಳ್ಳಿ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ನೀರು ಕುಡಿಯದೇ ಕೂರೋ ಹಿರಿಯರು ತುಂಬ ಜನ. ಬಿಪಿ, ಶುಗರ್ ಮಾತ್ರೆ ಒಂದು ವಾರದ್ದು ಹೆಚ್ಚಿಗೆ ಇರಲಿ, ಕಾದ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಇನ್ನೊಂದು ಮುಖ್ಯ ವಿಷಯ. ಶುಕ್ರವಾರ ಮಧ್ಯಾಹ್ನದಿಂದ ನೀವು ಶೋ ತಯಾರಿಯಲ್ಲಿ, ಶನಿವಾರ ತಂಡದ ಜತೆ. ಆ ಒಂದೂವರೆ ದಿನ ಮಗು, ಅತ್ತೆ, ಕಾರು ಮೂರೂ ಹೆಂಡತಿಯ ತಲೆ ಮೇಲೆ. ಅದಕ್ಕೊಂದು ಪ್ಲಾನ್ ಬರೆದಿಡಿ: ಉಡುಪಿಯಲ್ಲಿ ನಡೆದು ಹೋಗೋ ದೂರದಲ್ಲಿ ರಥಬೀದಿ, ಊಟ ಇರೋ ಲಾಡ್ಜು, ಕಾರಿನ ಕೀ ಅವರ ಕೈಲಿ. ಮಗುವನ್ನು ಗ್ರೀನ್‌ರೂಮಿಗೆ ಕರಕೊಂಡು ಬರೋದಿದ್ದರೆ ಮಧ್ಯಾಹ್ನ ಸೆಟ್ ಹಾಕುವಾಗ ಬರಲಿ, ಮೇಕಪ್ ಶುರುವಾದ ಮೇಲೆ ಬೇಡ.

ಸೈಡ್‌ವಿಂಗ್

ಕೊನೇ ಮಾತಿಗೆ ಒಂದು ತಿದ್ದುಪಡಿ. ಸೆಟ್ ಹಾಕುವಾಗ ಮಕ್ಕಳು ಬರಲೇಬಾರದು. ತಲೆ ಮೇಲೆ ಲೈಟ್ ಕಟ್ಟುತ್ತಿರ್ತಾರೆ, ನೆಲದಲ್ಲಿ ಮೊಳೆ, ಕೇಬಲ್. ಲೈಟ್ ಫೋಕಸ್ ಮುಗಿದು ವೇದಿಕೆ ಗುಡಿಸಿದ ಮೇಲೆ ಕಾಲು ಗಂಟೆ ಬಿಡುವಿರುತ್ತೆ, ಆಗ ಕರೆಸಿ.

ಹಿಂದಿನ_ಸೀಟು

ಸರಿ, ಒಪ್ಪಿದೆ.

ಮೂರನೇ_ಬೆಲ್

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಆರು ದಿನ ತಾಲೀಮಿಲ್ಲದೆ ಮಾತು ಜಾರದ ಹಾಗೆ ಏನು ಮಾಡೋದು? ಕಾರು ಓಡಿಸುತ್ತಾ ಒಪ್ಪಿಸಿಕೊಂಡರೆ ಸಾಕಾ? ಇನ್ನೊಂದು, ಪಾತ್ರದ ಬಟ್ಟೆ, ಗಡ್ಡ, ಗಮ್ ಎಲ್ಲ ಜತೆಯಲ್ಲೇ ತರಬೇಕಾ?

ಘಾಟಿ_ಗೇರು

ಓಡಿಸುತ್ತಾ ಬೇಡವೇ ಬೇಡ. ಸಿಟ್ಟಿನ ದೃಶ್ಯ ಬಂದರೆ ಆಕ್ಸಿಲರೇಟರ್ ಮೇಲೂ ಸಿಟ್ಟು ಇಳಿಯುತ್ತೆ.

ಧಾರವಾಡ_ಫೇಡಾ

ನೇರ ಹೈವೇದಾಗ ಹಾಡು ಗುನುಗಿದ್ರ ಏನೂ ಆಗಂಗಿಲ್ರಿ, ಅಷ್ಟು ಕಟ್ಟುನಿಟ್ಟು ಯಾಕ? ಆದ್ರ ಮಾತು ನೆನಪು ಮಾಡ್ಕೋತ ಓಡ್ಸೂದು ಬ್ಯಾರೆ. ಮರ್ತ ಸಾಲು ಹುಡುಕೂ ಹೊತ್ತಿನ್ಯಾಗ ಕಣ್ಣು ರಸ್ತೆ ಮ್ಯಾಲೆ ಇದ್ರೂ ಮನಸ್ಸು ಇರಂಗಿಲ್ಲ. ಪಕ್ಕದ ಸೀಟಿಗೆ ಬಂದಾಗ ಮಾಡ್ರಿ.

ಸೈಡ್‌ವಿಂಗ್

ಮಾತಿನ ವಿಷಯ. ಹೊರಡೋ ಮುಂಚೆ ಫೋನಲ್ಲಿ ಒಂದು ರೆಕಾರ್ಡಿಂಗ್ ಮಾಡಿಕೊಳ್ಳಿ. ಎದುರು ಪಾತ್ರಗಳ ಮಾತನ್ನು ಬೇರೆಯವರು ಸಪ್ಪೆಯಾಗಿ ಓದಲಿ, ನಿಮ್ಮ ಮಾತಿನ ಜಾಗದಲ್ಲಿ ಅಷ್ಟೇ ಹೊತ್ತು ಮೌನ. ಸಪ್ಪೆ ಯಾಕೆಂದರೆ ಅಭಿನಯಿಸಿ ಓದಿದ ಧಾಟಿ ಕಿವಿಗೆ ಕೂತುಬಿಡುತ್ತೆ, ವೇದಿಕೆ ಮೇಲೆ ಎದುರಿನವರು ಬೇರೆ ರೀತಿ ಹೇಳಿದ ಕೂಡಲೇ ನಿಮ್ಮ ಕ್ಯೂ (ನೀವು ಮಾತು ಶುರು ಮಾಡೋ ಸೂಚನೆ) ತಪ್ಪುತ್ತೆ. ನಿಮ್ಮ ಮಾತನ್ನೂ ನೀವೇ ರೆಕಾರ್ಡ್ ಮಾಡಿ ಕೇಳಬೇಡಿ, ಅದೇ ಏರಿಳಿತ ಗಟ್ಟಿಯಾಗಿ ಪಾತ್ರ ಒಣಗುತ್ತೆ. ಫೈಲ್ ಫೋನಿನಲ್ಲೇ ಇಳಿಸಿಕೊಂಡಿರಿ, ತುಮರಿ ಕಡೆ ಇಂಟರ್ನೆಟ್ ನಂಬಿದರೆ ಕೆಟ್ಟಿರಿ.

ಸೋಮವಾರ ಪೂರ್ತಿ ಬಿಡಿ. ಮಂಗಳವಾರ, ಗುರುವಾರ ಒಂದೊಂದು ಸಲ ಮೊದಲಿಂದ ಕೊನೆವರೆಗೆ, ಭಾವ ಇಲ್ಲದೆ, ಜೋರು ವೇಗದಲ್ಲಿ, ಕೆಳದನಿಯಲ್ಲಿ. ವೇಗದಲ್ಲಿ ಎಲ್ಲಿ ತೊದಲುತ್ತೀರೋ ಅಲ್ಲೇ ಮಾತು ಸಡಿಲ ಇದೆ ಅಂತ, ಅಲ್ಲಿ ಪೆನ್ಸಿಲ್ ಗುರುತು. ಸಾಮಾನ್ಯವಾಗಿ ಸಡಿಲವಾಗೋದು ಉದ್ದದ ಮಾತಲ್ಲ, ‘ಹೌದಾ?’, ‘ಆಮೇಲೆ?’ ಥರದ ಚಿಕ್ಕಚಿಕ್ಕ ಮಾತುಗಳ ಸರಣಿ. ಶುಕ್ರವಾರ ಸಂಜೆ ಎದುರು ನಟರ ಜತೆ ಫೋನಲ್ಲಿ ಆ ಗುರುತಿನ ಜಾಗ ಮಾತ್ರ.

ಬಟ್ಟೆಬರೆ ನಿಮ್ಮ ಜತೆ ಬೇಡ. ತಂಡದ ಟ್ರಂಕಿನಲ್ಲೇ ಬರಲಿ. ಕಾರು ಕೆಟ್ಟರೆ ನೀವು ಬಸ್ಸು ಹತ್ತಿ ಬರಬಹುದು, ಟ್ರಂಕು ಹೊತ್ತು ಬರೋಕಾಗಲ್ಲ. ನಿಮ್ಮ ಅಳತೆಯ ಚಪ್ಪಲಿ, ಕನ್ನಡಕ, ಸ್ಕ್ರಿಪ್ಟು, ಇಷ್ಟು ಮಾತ್ರ ಕೈಚೀಲದಲ್ಲಿ. ಭಾನುವಾರ ಬೆವರಿದ ಬಟ್ಟೆ ಒಗೆಸಿ ಒಣಗಿಸಿಯೇ ಟ್ರಂಕಿಗೆ ಹಾಕಿಸಿ. ಒಗೆಯಲಾಗದ ರೇಷ್ಮೆ, ಜರಿ ಇದ್ದರೆ ಒಳಮಗ್ಗಲು ತಿರುಗಿಸಿ ಫ್ಯಾನ್ ಕೆಳಗೆ ಒಂದು ರಾತ್ರಿ. ಕಂಕುಳ ಭಾಗಕ್ಕೆ ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ ಸಣ್ಣಗೆ ಸಿಂಪಡಿಸಿದರೆ ವಾಸನೆ ಹೋಗುತ್ತೆ. ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ ಬಣ್ಣ ಬಿಡುತ್ತಾ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೂಷ್ಟು ಗ್ಯಾರಂಟಿ.

ಸ್ಪಿರಿಟ್ ಗಮ್, ಅದನ್ನ ತೆಗೆಯೋ ದ್ರಾವಣ ಎರಡೂ ಬೇಗ ಹೊತ್ತಿಕೊಳ್ಳೋ ವಸ್ತು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರೊಳಗೆ ಇಡಬೇಡಿ. ಮುಚ್ಚಳ ಸಡಿಲಿದ್ದರೆ ಅದರ ಆವಿಯಲ್ಲೇ ಮಗುವಿಗೆ ತಲೆನೋವು. ಮೇಕಪ್‌ನವರ ಪೆಟ್ಟಿಗೆಯಲ್ಲಿರಲಿ.

ನೀವು ಗಡ್ಡ ಅಂಟಿಸೋರಾದ್ದರಿಂದ ಪ್ರವಾಸದಲ್ಲಿ ಸ್ವಂತ ಗಡ್ಡ ಬಿಡಬೇಡಿ. ಕುರುಚಲು ಕೂದಲ ಮೇಲೆ ಗಮ್ ಹಿಡಿಯಲ್ಲ. ಹಾಗಂತ ಶನಿವಾರ ಸಂಜೆ ಬೋಳಿಸಿದರೆ ಗಾಯದ ಮೇಲೆ ಉರಿ. ಶನಿವಾರ ಬೆಳಿಗ್ಗೆಯೇ ಬೋಳಿಸಿ.

ಕರಾವಳಿ_ಕಾಗೆ

ಜೋಗದಲ್ಲಿ ಕೆಳಗಿನವರೆಗೆ ಮೆಟ್ಟಿಲು ಇಳಿಯುವ ಆಸೆ ಉಂಟಾ? ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಇಳಿಯಲಿಕ್ಕೆ ಬಿಡ್ತಿದ್ರೆ ಮಂಗಳವಾರ ಇಳೀರಿ, ಗುರುವಾರ ಅಲ್ಲ. ಅಭ್ಯಾಸ ಇಲ್ಲದ ತೊಡೆನೋವು ಅದೇ ದಿನ ಗೊತ್ತಾಗುವುದಿಲ್ಲ, ಎರಡನೇ ದಿನ ಜೋರು. ಗುರುವಾರ ಇಳಿದ್ರೆ ಶನಿವಾರ ವೇದಿಕೆಯಲ್ಲಿ ಮೊಣಕಾಲೂರಿ ಏಳುವಾಗ ಪ್ರೇಕ್ಷಕರಿಗೂ ಗೊತ್ತಾಗ್ತದೆ. ಅಮ್ಮ, ಮಗಳು ಮೇಲೆಯೇ ಕೂತು ನೋಡ್ಲಿ.

ಧಾರವಾಡ_ಫೇಡಾ

ಈ ಚರ್ಚಾದಾಗ ಒಂದು ಮಾತು ಬಿಟ್ಟುಹೋಗೇತಿ. ಹಿಂಗ ಸಂದಿ ಹುಡುಕೂದು ಯಾಕ ಬರ್ತೈತಿ ಅಂದ್ರ, ರಂಗಭೂಮಿ ಪಂಚಾಂಗ ಮತ್ತ ಸಾಲಿ ಪಂಚಾಂಗ ಎರಡೂ ಉಲ್ಟಾ. ಸಾಲಿ ಸೂಟಿ ಏಪ್ರಿಲ್–ಮೇ. ಆಗ ನಟರು ಊರೂರಾಗ ಮಕ್ಕಳ ಶಿಬಿರ ನಡಸ್ತಿರ್ತಾರ, ಮೈಸೂರು ರಂಗಾಯಣದ ಚಿಣ್ಣರ ಮೇಳಾನೂ ಆಗ. ದಸರಾ ಸೂಟಿಗೆ ಉತ್ಸವ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂದ ಸಂಸ್ಕೃತಿ ಶಿಬಿರಾನೂ ಸಾಮಾನ್ಯವಾಗಿ ಅಕ್ಟೋಬರ್‌ದಾಗ. 1985ರಿಂದ ನಡದು ಬಂದ ನೀನಾಸಂ ಸಂಚಾರಿ ತಂಡ ‘ತಿರುಗಾಟ’ಕ್ಕ ಸೇರಿದ್ರ ಚಳಿಗಾಲ ಪೂರ್ತಿ ಊರೂರು. ಕೈ ಖಾಲಿ ಇರೂದು ಜೂನ್, ಜುಲೈ. ಆಗ ಮಳಿ, ಮಕ್ಕಳಿಗೆ ಸಾಲಿ.

ಹಳೇ ವೃತ್ತಿ ನಾಟಕ ಕಂಪನಿಗಳಿಗೆ ಈ ತಕರಾರು ಇರಲಿಲ್ಲ, ಯಾಕಂದ್ರ ಸಂಸಾರನ ಕ್ಯಾಂಪಿನ್ಯಾಗ. ಬಾದಾಮಿ ಬನಶಂಕರಿ ಜಾತ್ರಿಗೆ ಈಗೂ ಕಂಪನಿಗಳು ಬರ್ತಾವು, ಥೇಟರಿನ ಹಿಂದ ಒಲಿ ಉರೀತಿರ್ತೈತಿ. ನಿಮ್ಮ ಕರಾವಳಿ ಯಕ್ಷಗಾನ ಮೇಳದವರು ದೀಪಾವಳಿ ಆದ ಮ್ಯಾಲೆ ಹೊಂಟ್ರ ಮೇ ಕೊನಿಗೆ ಬರೂ ಪತ್ತನಾಜೆತನಕ ಬಿಡುವಿಲ್ಲ. ಆದ್ರ ಗೆಜ್ಜಿ ಬಿಚ್ಚೂ ದಿನ ಅವ್ರಿಗೆ ಮೊದಲ ಗೊತ್ತಿರ್ತೈತಿ. ಬೆಂಗಳೂರು ಹವ್ಯಾಸಿಗಳಿಗೆ ಅದೂ ಗೊತ್ತಿರಂಗಿಲ್ಲ.

ಹಂಗಾಗಿ ಮಾಡೂದಿಷ್ಟು. ಜೂನಿನ್ಯಾಗ ಸಾಲಿಯವರು ಸೂಟಿ ಪಟ್ಟಿ ಕೊಡ್ತಾರ. ಹೊಸ ನಾಟಕದ ಓದಿನ ಹಂತದಾಗ, ಪಾತ್ರ ಹಂಚೂಕ್ಕಿಂತ ಮೊದಲ, ನಿರ್ದೇಶಕರಿಗೆ ‘ಈ ನಾಲ್ಕು ದಿನ ನಾ ಇರಂಗಿಲ್ಲ’ ಅಂತ ಬರದು ಕೊಡ್ರಿ. ಮೊದಲ ಹೇಳಿದ್ರ ಆ ದಿನ ನಿಮ್ಮಿಲ್ಲದ ದೃಶ್ಯ ಮಾಡ್ತಾರ. ಬ್ಲಾಕಿಂಗ್ ಮುಗದ ಮ್ಯಾಲೆ ಹೇಳಿದ್ರ ಬೈಸ್ಕೋತೀರಿ, ಅದು ನ್ಯಾಯಾನೂ ಹೌದು. ಮೊದಲ ಪ್ರದರ್ಶನಕ್ಕ ಹತ್ತು ದಿನ ಉಳದಾಗ ಮಾತ್ರ ಯಾವ ಸೂಟಿನೂ ಕೇಳಬ್ಯಾಡ್ರಿ, ಲೈಟು, ಸಂಗೀತ, ಬಟ್ಟಿ ಎಲ್ಲಾ ಕೂಡೂ ಹೊತ್ತದು. ಪ್ರವಾಸಕ್ಕ ಛಲೋ ಸಂದಿ ಅಂದ್ರ ಮೊದಲ ಮೂರ್ನಾಲ್ಕು ಶೋ ಆಗಿ, ಉತ್ಸವದ ಕರೆ ಇನ್ನೂ ಬರದ ಹೊತ್ತು. ಸೀರಿಯಲ್ಲೂ ಮಾಡೂವ್ರು ಇದ್ರ ಎಪಿಸೋಡು ಎಷ್ಟು ಮುಂಗಡ ತಗದಾರ ಕೇಳ್ಕೊಳ್ರಿ. ಕಮ್ಮಿ ಇದ್ರ ರಾತ್ರಿ ಫೋನು, ಮುಂಜಾನೆ ಶೂಟಿಂಗ್. ಅಂಥಾ ತಿಂಗಳು ದೂರದ ರೂಮಿಗೆ ಮುಂಗಡ ಕಟ್ಟಬ್ಯಾಡ್ರಿ.

ಹೆಗ್ಗೋಡಿಗೆ ಹೊಂಟೀರಿ ಅಂದ್ರ ಶಿಬಿರದ ತಾರೀಖು ಮೊದಲ ಫೋನ್ ಮಾಡಿ ಕೇಳ್ರಿ. ಅದರಾಗ ಹ್ವಾದ್ರ ಸಾಗರದಾಗೂ ರೂಮು ಸಿಗೂದು ಕಷ್ಟ, ಆದ್ರ ಶಿವರಾಮ ಕಾರಂತ ರಂಗಮಂದಿರದಾಗ ಸಂಜಿ ನಾಟಕ ಸಿಗಬಹುದು. ಹತ್ತಿರದ ಭೀಮನಕೋಣೆಯೊಳಗ ‘ಚರಕ’ ಸಂಸ್ಥಾದ ಕೈಮಗ್ಗದ ಬಟ್ಟಿ ಐತಿ. ತಾಲೀಮಿಗೆ ಹಾಕ್ಕೊಳ್ಳಾಕ ಆ ಹತ್ತಿ ಜುಬ್ಬಾಕ್ಕಿಂತ ಛಲೋ ಬ್ಯಾರೆ ಇಲ್ಲ.

ಘಾಟಿ_ಗೇರು

ಒಂದು ಕಾನೂನು ವಿಷಯ. ‘ಹೇಗೂ ಕಾರಲ್ಲಿ ಬರ್ತೀಯಲ್ಲ, ಇಬ್ಬರನ್ನ ಕರಕೊಂಡು ಬಾ, ಪೆಟ್ರೋಲ್ ದುಡ್ಡು ಕೊಡ್ತೀವಿ’ ಅಂತ ತಂಡದವರು ಹೇಳೋದುಂಟು. ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆ ತಗೊಂಡು ಜನ ಅಥವಾ ಸಾಮಾನು ಸಾಗಿಸಿದರೆ ಅಪಘಾತವಾದಾಗ ಇನ್ಶೂರೆನ್ಸ್ ಕ್ಲೇಮಿಗೆ ತಕರಾರು ಬರುತ್ತೆ. ಸ್ನೇಹಕ್ಕೆ ಕರಕೊಂಡು ಬನ್ನಿ, ರಸೀದಿಯಲ್ಲಿ ‘ವಾಹನ ಬಾಡಿಗೆ’ ಅಂತ ಬರೆಸಿಕೊಳ್ಳಬೇಡಿ. ನಾಟಕಕ್ಕೆ ಬಳಸೋ ಕತ್ತಿ, ಬಂದೂಕಿನ ಪ್ರಾಪರ್ಟಿ ಇದ್ದರೆ ಅದು ತಂಡದ ಲಾರಿಯಲ್ಲೇ ಬರಲಿ, ಆಹ್ವಾನಪತ್ರದ ಪ್ರತಿ ಜತೆಗೆ. ರಾತ್ರಿ ಚೆಕ್‌ಪೋಸ್ಟಲ್ಲಿ ಹೆಂಡತಿ ಮಕ್ಕಳ ಎದುರು ಆಟದ ಬಂದೂಕಿನ ವಿವರಣೆ ಕೊಡೋ ಕೆಲಸ ಬೇಡ.

ಮೂರನೇ_ಬೆಲ್

ತಿದ್ದಿದ ಪ್ಲಾನ್: ಸೋಮವಾರ 10ಕ್ಕೆ ಹೊರಟು ಶಿವಮೊಗ್ಗದಲ್ಲಿ ತಂಗೋದು. ಮಂಗಳವಾರ ಬೆಳಿಗ್ಗೆ ಜೋಗ, ರಾತ್ರಿ ಸಾಗರ, ಮಾತಿನ ಮೊದಲ ಓಟ. ಬುಧವಾರ ಇಕ್ಕೇರಿ, ಕೆಳದಿ, ಸಂಜೆ ಹೆಗ್ಗೋಡು. ತಾರೀಕು ನೋಡಿದೆ, ನವರಾತ್ರಿ ಒಳಗೇ ಬರುತ್ತೆ, ಆದ್ದರಿಂದ ಸಿಗಂದೂರು, ಕೊಲ್ಲೂರು ಬಿಟ್ಟೆ. ಗುರುವಾರ ಬೆಳಿಗ್ಗೆ ಸಾಗರದಿಂದ ತೀರ್ಥಹಳ್ಳಿ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಇಳಿದು ರಾತ್ರಿ ಉಡುಪಿ. ಶುಕ್ರವಾರ ಮಗಳು, ಹೆಂಡತಿ ಮಲ್ಪೆಗೆ, ನಾನು ರೂಮಿನಲ್ಲಿ. ವಾಪಸ್ ಭಾನುವಾರ ಮಧ್ಯಾಹ್ನ, ಮೊದಲ ಪಾಳಿ ಹೆಂಡತಿ.

ಕರಾವಳಿ_ಕಾಗೆ

ಎಲ್ಲ ಸರಿ ಉಂಟು, ಆಗುಂಬೆಯ ಸೂರ್ಯಾಸ್ತ ಒಂದು ಬಿಟ್ಟು. ಅದನ್ನು ನೋಡಿದ್ರೆ ಇಳಿಯುವುದು ಕತ್ತಲಲ್ಲಿ, ಎಲ್ಲಾ ಕಾರುಗಳೂ ಒಟ್ಟಿಗೇ. ಅಕ್ಟೋಬರಲ್ಲಿ ಮೋಡ ಇದ್ದು ಸೂರ್ಯ ಕಾಣದೆ ಹೋಗುವ ಸಂಜೆಯೇ ಜಾಸ್ತಿ, ಮಂಜು ಬಂದ್ರೆ ಹೈಬೀಮ್ ಹಾಕಿದಷ್ಟೂ ಎದುರು ಬಿಳಿ ಗೋಡೆ. ಮೂರು ಗಂಟೆಗೆ ಇಳಿದು ಬಿಡಿ. ಸೂರ್ಯಾಸ್ತ ಮಲ್ಪೆಯಲ್ಲಿ ಸಿಗ್ತದೆ.

ಸೈಡ್‌ವಿಂಗ್

ನಾನು ಮೊದಲೇ ಬರೆದಿದ್ದೆ, ಬೆಳಕಿರುವಾಗಲೇ ಇಳೀರಿ ಅಂತ. ಭಾನುವಾರ ಮಧ್ಯಾಹ್ನದ ವಾಪಸಾತಿ ಸರಿ, ಆದರೆ ಶಿರಾಡಿ ತೆರೆದಿದೆಯಾ ಅಂತ ಬೆಳಿಗ್ಗೆ ಲಾರಿ ಡ್ರೈವರನ್ನೇ ಕೇಳಿ. ಹಿಂದಿನ ರಾತ್ರಿ ಸೆಟ್ ಹೇರಿಕೊಂಡು ಅದೇ ದಾರಿಯಲ್ಲಿ ಹೋಗಿರ್ತಾನೆ, ಮ್ಯಾಪಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತೆ.